ಹಾಸನ, ಚಿಕ್ಕಮಗಳೂರಿನಿಂದ ಪೋಷಕ ಪಾತ್ರಕ್ಕೆ: ಮೊದಲ ಫೋಟೋದಿಂದ ಟಿಡಿಎಸ್‌ವರೆಗೆ

ಒಂದು ಸೀರಿಯಲ್‌ಗೆ ನಾಯಕಿ ಒಬ್ಬಳು ಸಾಕು. ಆದರೆ ಆ ನಾಯಕಿಗೆ ಅಪ್ಪ, ಅಮ್ಮ, ಅಜ್ಜಿ, ಸೋದರಮಾವ, ಅತ್ತೆ, ನಾದಿನಿ, ಪಕ್ಕದ ಮನೆ ಆಂಟಿ ಎಲ್ಲ ಬೇಕು. ಬಡ್ಡಿ ಸಾಹುಕಾರ ಬೇಕು. ಪುರೋಹಿತರು, ಲಾಯರ್, ಎಸ್‌ಐ, ಡಾಕ್ಟರ್ ಬೇಕು. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ಟಿವಿಗಳಲ್ಲಿ ಸಂಜೆಯಿಂದ ರಾತ್ರಿವರೆಗೆ ಓಡುವ ಮನೆಗಳನ್ನೆಲ್ಲ ಒಮ್ಮೆ ನೆನಪಿಸಿಕೊಳ್ಳಿ. ಎಷ್ಟು ಅಪ್ಪಂದಿರು, ಎಷ್ಟು ಅತ್ತೆಯರು! ಕೆಲಸ ಇರುವುದು ಅಲ್ಲಿ. ಸಿನಿಮಾದಲ್ಲೂ ಅಷ್ಟೇ.

ಈ ಬರಹ ಆ ಕೆಲಸಕ್ಕೆ ಹೋಗಬೇಕು ಅನ್ನುವ ನಮ್ಮ ಎರಡು ಜಿಲ್ಲೆಯವರಿಗೆ. ಮನೆ ಖಾಲಿ ಮಾಡಿ, ಲಗೇಜ್ ಸಮೇತ ಬೆಂಗಳೂರಿಗೆ ಹೋಗಿ, ಆಮೇಲೆ ಅವಕಾಶ ಹುಡುಕುವ ಹಳೇ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಈಗ ಮೊದಲ ಆಯ್ಕೆ ಮೊಬೈಲ್‌ನಲ್ಲೇ ನಡೆದುಹೋಗುತ್ತದೆ. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 245. ಕೆಲಸ ಇದ್ದ ದಿನ ಹೋಗಿ ಬರಬಹುದಾದ ದೂರ. ಊರಲ್ಲಿ ಇರುವ ಸಂಪಾದನೆ ಉಳಿಸಿಕೊಂಡು ಈ ಕೆಲಸ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೀವು ಯಾರ ಹಾಗೆ ಕಾಣುತ್ತೀರಿ?

ಇದನ್ನು ಕನ್ನಡಿ ಹೇಳುವುದಿಲ್ಲ. ನಿಮ್ಮ ಪರಿಚಯವೇ ಇಲ್ಲದ ನಾಲ್ಕೈದು ಜನಕ್ಕೆ ನಿಮ್ಮ ಒಂದು ಸಾದಾ ಫೋಟೋ ತೋರಿಸಿ, "ಇವರು ಏನು ಕೆಲಸ ಮಾಡ್ತಿರಬಹುದು?" ಅಂತ ಸ್ನೇಹಿತರ ಕೈಲಿ ಕೇಳಿಸಿ. ಹೈಸ್ಕೂಲ್ ಮೇಷ್ಟ್ರು, ಹಾಲಿನ ಡೈರಿ ಸೆಕ್ರೆಟರಿ, ಕಾಫಿ ತೋಟದ ರೈಟರ್, ತೆಂಗಿನಕಾಯಿ ವ್ಯಾಪಾರಿ, ಪೊಲೀಸ್. ಜನ ಯಾವುದನ್ನು ಥಟ್ ಅಂತ ಹೇಳುತ್ತಾರೋ ಅದೇ ನಿಮಗೆ ಸಿಗುವ ಮೊದಲ ಪಾತ್ರ. ನಿಮಗೆ ಇಷ್ಟ ಆಗದಿರಬಹುದು. ನನಗೆ ಗೊತ್ತಿರುವ ಒಬ್ಬರು ಬಲು ಸಾಧು ಮನುಷ್ಯ, ಕೋಳಿ ಕುಯ್ಯೋದನ್ನೂ ನೋಡಲಾರರು. ಆದರೆ ಮುಖ ಮಾತ್ರ ಬಡ್ಡಿ ವಸೂಲಿಗೆ ಬಂದ ಹಾಗಿದೆ. ಆ ಮುಖವೇ ಅವರಿಗೆ ಅನ್ನ ಹಾಕುತ್ತಿದೆ.

ವಯಸ್ಸಿನ ಚಿಂತೆ ಈ ಕೆಲಸದಲ್ಲಿ ಉಲ್ಟಾ. ಚಿತ್ರದುರ್ಗದ ದತ್ತಣ್ಣ ವಾಯುಪಡೆಯಲ್ಲಿ ಅಧಿಕಾರಿಯಾಗಿದ್ದವರು. ಸಿನಿಮಾಕ್ಕೆ ಬಂದಾಗ ನಲವತ್ತು ದಾಟಿತ್ತು. 2000ದ ಸಾಲಿನ ಶ್ರೇಷ್ಠ ಪೋಷಕ ನಟ ರಾಷ್ಟ್ರ ಪ್ರಶಸ್ತಿ ಅವರಿಗೇ ಬಂತು. ಹೆಣ್ಣುಮಕ್ಕಳ ಲೆಕ್ಕ ಬೇರೆ. ಮೂವತ್ತೈದು ತುಂಬುವ ಮೊದಲೇ "ಅಮ್ಮನ ಪಾತ್ರ ಮಾಡ್ತೀರಾ?" ಅಂತ ಕೇಳುತ್ತಾರೆ. ಮಗನಾಗಿ ಮಾಡುವವನು ನಿಮಗಿಂತ ಐದೇ ವರ್ಷ ಚಿಕ್ಕವನಿರಬಹುದು. ಅದಕ್ಕೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅನ್ಯಾಯ ಅನ್ನಿಸಿದರೂ ಮಾರ್ಕೆಟ್ ಸದ್ಯಕ್ಕೆ ಹಾಗೇ ಇದೆ.

ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ಒಂದು ಮಾತು. ನಮ್ಮ ಕಡೆ ನಾಟಕ ಮಾಡುವವರಲ್ಲಿ ಮೇಷ್ಟ್ರುಗಳೇ ಜಾಸ್ತಿ. ಸೀರಿಯಲ್, ಸಿನಿಮಾ ಅಂದರೆ ಮೊದಲು ಇಲಾಖೆಯಿಂದ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಟಿವಿಯಲ್ಲಿ ಮುಖ ಬಂದ ಮೇಲೆ ಯಾರಾದರೂ ಅರ್ಜಿ ಬರೆದೇ ಬರೆಯುತ್ತಾರೆ.

ಮಾತು ತಿದ್ದಿಕೊಳ್ಳಿ, ಆದರೆ ಊರ ಮಾತು ಕಳಕೊಳ್ಳಬೇಡಿ

ನಮ್ಮ ಎರಡು ಜಿಲ್ಲೆಗಳಲ್ಲಿ ಎಷ್ಟು ಬಗೆಯ ಕನ್ನಡ ಇದೆ ನೋಡಿ. ಚನ್ನರಾಯಪಟ್ಟಣ, ಹೊಳೆನರಸೀಪುರದ ಮಾತು ಮಂಡ್ಯದ ಮಾತಿಗೆ ನೆಂಟ. ಅರಸೀಕೆರೆ, ಕಡೂರಿನದು ಬಯಲುಸೀಮೆ. ಸಕಲೇಶಪುರ, ಮೂಡಿಗೆರೆಯ ತೋಟದ ಕಡೆ ಬೇರೆ ರಾಗ. ಕೊಪ್ಪ, ಶೃಂಗೇರಿಗೆ ಹೋದರೆ ಮತ್ತೊಂದು. ಇದರಲ್ಲಿ ಒಂದನ್ನಾದರೂ ನೀವು ಅಮ್ಮನ ಬಾಯಿಂದ ಕಲಿತಿರುತ್ತೀರಿ. ಬೆಂಗಳೂರಲ್ಲೇ ಬೆಳೆದ ನಟರು ಹಳ್ಳಿ ಮಾತು ಅಂದ ಕೂಡಲೇ ಎಲ್ಲದಕ್ಕೂ "ಲಾ" ಸೇರಿಸುತ್ತಾರೆ. ಕೇಳುವವರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಇದರ ಜೊತೆಗೆ ಪುಸ್ತಕದ ಕನ್ನಡವೂ ಬೇಕು. ದೇವರ ಸೀರಿಯಲ್‌ಗೆ, ಜಡ್ಜ್ ಪಾತ್ರಕ್ಕೆ, ಪ್ರಿನ್ಸಿಪಾಲ್ ಪಾತ್ರಕ್ಕೆ ಅದೇ ಬೇಕಾಗುವುದು. ಹಕಾರ ಬರಬೇಕಾದಲ್ಲಿ ಅಕಾರ, ಶ ಬರಬೇಕಾದಲ್ಲಿ ಸ ಬಂದರೆ ಆಡಿಷನ್ ಅಲ್ಲಿಗೇ ಮುಗಿಯಿತು. ದಿನಾ ಬೆಳಗ್ಗೆ ಪೇಪರ್‌ನ ಸಂಪಾದಕೀಯವನ್ನು ಜೋರಾಗಿ ಓದಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಕೇಳಿಸಿಕೊಳ್ಳಿ. ಮಹಾಪ್ರಾಣಗಳು ಸರಿಯಾಗಿ ಬೀಳುತ್ತಿವೆಯಾ ನೋಡಿ. ಹಾಸನದಲ್ಲಿ ಆಕಾಶವಾಣಿ ಇದೆ. ಆಕಾಶವಾಣಿಯವರು ನಾಟಕದ ಧ್ವನಿ ಪರೀಕ್ಷೆಗೆ ಅರ್ಜಿ ಕರೆದಾಗ ಹಾಕಿ. ಮೈಕ್ ಮುಂದೆ ಉಸಿರು ಹಿಡಿಯುವುದು, ಹಾಳೆ ಸದ್ದಾಗದಂತೆ ತಿರುವುವುದು ಅಲ್ಲಿ ಅಭ್ಯಾಸ ಆದರೆ ಡಬ್ಬಿಂಗ್ ರೂಮ್‌ನಲ್ಲಿ ಕೈಕಾಲು ನಡುಗುವುದಿಲ್ಲ.

ಕುರುಕ್ಷೇತ್ರದ ಗಂಟಲನ್ನು ಇಳಿಸುವುದು

ಪೌರಾಣಿಕ ನಾಟಕ ಮಾಡಿದವರಿಗೆ ಕೆಲವು ವಿಷಯ ಆಗಲೇ ಕೈಯಲ್ಲಿದೆ. ಪುಟಗಟ್ಟಲೆ ಮಾತು ಬಾಯಿಪಾಠ ಮಾಡುವುದು, ರಾತ್ರಿಯಿಡೀ ನಿದ್ದೆಗೆಟ್ಟು ನಿಲ್ಲುವುದು, ಕಿರೀಟ ತಲೆ ಕಚ್ಚುತ್ತಿದ್ದರೂ ಮುಖದಲ್ಲಿ ತೋರಿಸಿಕೊಳ್ಳದೆ ಇರುವುದು. ಇವೆಲ್ಲ ಕೆಲಸಕ್ಕೆ ಬರುತ್ತವೆ. ಬರದೇ ಇರುವುದು ಗಂಟಲು ಮತ್ತು ಕೈ. ಹಾರ್ಮೋನಿಯಂ ಮೇಷ್ಟ್ರು ಕಲಿಸಿದ್ದು ಬಯಲಲ್ಲಿ ಕೊನೇ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೂ ಕೇಳಿಸುವಂತೆ. ಕ್ಯಾಮೆರಾ ನಿಮ್ಮ ಮೂಗಿನಿಂದ ನಾಲ್ಕಡಿ ದೂರದಲ್ಲಿರುತ್ತದೆ. ಮೈಕ್ ಅಂಗಿಯ ಒಳಗೇ ಇರಬಹುದು. ಅಲ್ಲಿ "ಎಲವೋ" ಅಂದರೆ ಸೌಂಡ್ ಹುಡುಗ ಹೆಡ್‌ಫೋನ್ ಕಿತ್ತು ಎಸೆಯುತ್ತಾನೆ.

ಮನೆಯಲ್ಲೇ ಮಾಡಬಹುದಾದ ಅಭ್ಯಾಸ ಹೇಳುತ್ತೇನೆ. ಊಟದ ಟೇಬಲ್‌ನ ಆ ಕಡೆ ಯಾರನ್ನಾದರೂ ಕೂರಿಸಿ. ಅವರ ಕಿವಿಯ ಪಕ್ಕ, ಕಣ್ಣಿನ ಎತ್ತರಕ್ಕೆ ಮೊಬೈಲ್ ನಿಲ್ಲಿಸಿ. ಪಕ್ಕದ ರೂಮಿನಲ್ಲಿ ಮಗು ಮಲಗಿದೆ ಅಂದುಕೊಂಡು ಆ ಒಬ್ಬರಿಗೆ ಮಾತ್ರ ಕೇಳಿಸುವಂತೆ ಮಾತಾಡಿ. ಎರಡೂ ಕೈ ಟೇಬಲ್ ಮೇಲೆಯೇ ಇರಲಿ. ಮೊದಮೊದಲು ಸಪ್ಪೆ ಅನ್ನಿಸುತ್ತದೆ. ಆಮೇಲೆ ವಿಡಿಯೊ ನೋಡಿ, ಸಪ್ಪೆ ಅನ್ನಿಸಿದ್ದೇ ಸರಿಯಾಗಿ ಕಾಣಿಸುತ್ತಿರುತ್ತದೆ.

ಶೃಂಗೇರಿ, ಕೊಪ್ಪದ ಕಡೆಯವರಿಗೆ ತಾಳಮದ್ದಲೆಯ (ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ರೂಢಿ ಇದ್ದರೆ ಅದು ದೊಡ್ಡ ಆಸ್ತಿ. ಎದುರಿನ ಅರ್ಥಧಾರಿ ಏನು ಹೇಳಿದ ಅಂತ ಕಿವಿಗೊಟ್ಟು ಕೇಳಿ ಅದಕ್ಕೇ ಉತ್ತರ ಕೊಡಬೇಕಲ್ವಾ? ಪೋಷಕ ನಟನ ಮುಕ್ಕಾಲು ಕೆಲಸ ಹೀಗೆ ಕೇಳಿಸಿಕೊಳ್ಳುವುದೇ.

ಒಂದು ವರ್ಷ ಬಿಡುವು ಮಾಡಿಕೊಳ್ಳಲು ಆಗುವ ವಯಸ್ಸಿನವರು ಸರಿಯಾದ ರಂಗಶಾಲೆಗೆ ಹೋಗಿ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಅಜ್ಜಂಪುರದಿಂದ ಅಷ್ಟೇನೂ ದೂರವಿಲ್ಲದ ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ, 1997ರಿಂದ ಊರೂರು ಸುತ್ತುವ ನಾಟಕ ತಂಡ ಶಿವಸಂಚಾರವೂ ಇದೆ. ಮೈಸೂರಿನ ರಂಗಾಯಣದಲ್ಲೂ ಕಲಿಕೆ ನಡೆಯುತ್ತದೆ. ಅರಸೀಕೆರೆ ಪಕ್ಕದ ತಿಪಟೂರಿನ ಅಚ್ಯುತ್ ಕುಮಾರ್ ಬಂದದ್ದು ನೀನಾಸಂನಿಂದ. ರಂಗಾಯಣ ರಘು ಎಲ್ಲಿಂದ ಬಂದರು ಅಂತ ಅವರ ಹೆಸರೇ ಹೇಳುತ್ತದೆ. ನಮ್ಮ ಕಡೂರು ತಾಲೂಕಿನ ಹುಡುಗ ವಿಜಯ್ ಕೂಡ ರಂಗತಂಡದ ಹೆಸರನ್ನೇ ಹಿಂದೆ ಹಾಕಿಕೊಂಡು ಸಂಚಾರಿ ವಿಜಯ್ ಆದರು. ಸಣ್ಣ ಪಾತ್ರಗಳಿಂದ ಶುರು ಮಾಡಿ 2014ರ ಸಾಲಿನ ಶ್ರೇಷ್ಠ ನಟ ರಾಷ್ಟ್ರ ಪ್ರಶಸ್ತಿವರೆಗೆ ಹೋದರು. 2021ರಲ್ಲಿ ಅಪಘಾತದಲ್ಲಿ ಅವರನ್ನು ಕಳೆದುಕೊಂಡೆವು. ಅರಸೀಕೆರೆ ತಾಲೂಕಿನ ನಟ ಧನಂಜಯ ಅವರ ಹಿಂದೆಯೂ ರಂಗಭೂಮಿಯ ಅಭ್ಯಾಸ ಇದೆ. ಆರು ವಾರದಲ್ಲಿ ನಟನೆ ಕಲಿಸಿ ಸೀರಿಯಲ್‌ಗೆ ಸೇರಿಸುತ್ತೇವೆ ಅನ್ನುವ ಬೋರ್ಡ್‌ಗಳನ್ನು ನೋಡಿದಾಗ ಇವರನ್ನೆಲ್ಲ ನೆನಪು ಮಾಡಿಕೊಳ್ಳಿ.

ಫೋಟೋ, ವಿಡಿಯೊ

ಸ್ಟುಡಿಯೊಗೆ ಹೋಗಿ ಸಾವಿರಗಟ್ಟಲೆ ಸುರಿಯುವುದು ಬೇಡ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ ಎದುರು, ಬಣ್ಣ ಇಲ್ಲದ ಗೋಡೆಯ ಮುಂದೆ ನಿಂತುಕೊಳ್ಳಿ. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದಿನಿಂದ ಬರಬಾರದು. ನೇರ, ಎಡ, ಬಲ, ಪೂರ್ತಿ ನಿಂತಿದ್ದು, ಇಷ್ಟು ಫೋಟೋ. ಬ್ಯೂಟಿ ಫಿಲ್ಟರ್ ಪೂರ್ತಿ ಆಫ್ ಮಾಡಿ. ಕೂಲಿಂಗ್ ಗ್ಲಾಸ್, ಮುಳ್ಳಯ್ಯನಗಿರಿಯ ಮಂಜು, ಬುಲೆಟ್ ಬೈಕ್ ಯಾವುದೂ ಬೇಡ. ನಿಮ್ಮ ಸುಕ್ಕು, ಬೋಳುತಲೆ, ಹೊಟ್ಟೆ, ಅವನ್ನೇ ಅವರು ಹುಡುಕುತ್ತಿರುವುದು! ಗಂಡಸರು ಪಂಚೆ-ಅಂಗಿಯಲ್ಲಿ ಒಂದು, ಪ್ಯಾಂಟಿನಲ್ಲಿ ಒಂದು, ಗಡ್ಡ ಇದ್ದಾಗ ಒಂದು, ಬೋಳಿಸಿದಾಗ ಒಂದು ತೆಗೆಸಿ. ಹೆಂಗಸರು ಕಾಟನ್ ಸೀರೆಯಲ್ಲಿ, ರೇಷ್ಮೆ ಸೀರೆಯಲ್ಲಿ, ಚೂಡಿದಾರದಲ್ಲಿ.

ವಿಡಿಯೊ ಎರಡು ಬೇಕು. ಮೊದಲನೆಯದು ಪರಿಚಯ. ಹೆಸರು, ವಯಸ್ಸು, ಎತ್ತರ, ಇರುವ ಊರು, ಗೊತ್ತಿರುವ ಭಾಷೆಗಳು, ಬೈಕು ಕಾರು ಓಡಿಸುತ್ತೀರಾ ಅನ್ನುವುದು. ಮೂವತ್ತು ಸೆಕೆಂಡ್ ಸಾಕು. ಎರಡನೆಯದು ಒಂದು ನಿಮಿಷದ ಅಭಿನಯ. ದಯವಿಟ್ಟು ಯಾವುದೋ ದೊಡ್ಡ ಸ್ಟಾರ್‌ನ ಡೈಲಾಗ್ ಹೊಡೆಯಬೇಡಿ. ಆಯ್ಕೆ ಮಾಡುವವರು ಅದನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿರುತ್ತಾರೆ. ನೀವೇ ಒಂದು ಸಣ್ಣ ಸಂದರ್ಭ ಬರೆದುಕೊಳ್ಳಿ. ಸೊಸೈಟಿಯಲ್ಲಿ ಸಾಲದ ಕಂತು ಮುಂದೂಡಿ ಅಂತ ಕೇಳುವ ರೈತ. ಮಗಳು ಫೋನ್ ಎತ್ತುತ್ತಿಲ್ಲ ಅಂತ ಹಾಸ್ಟೆಲ್ ವಾರ್ಡನ್‌ಗೆ ಫೋನ್ ಮಾಡಿದ ತಾಯಿ. ಮೊಬೈಲ್ ಅಡ್ಡ ಹಿಡಿದು ತೆಗೆಯಿರಿ. ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕ್ವಾಲಿಟಿ ಹೋಗುತ್ತದೆ. ಫೈಲಿನ ಹೆಸರಲ್ಲೇ ನಿಮ್ಮ ಹೆಸರು, ವಯಸ್ಸು, ಎತ್ತರ, ಊರು ಇರಲಿ. ರಾತ್ರಿ ಹತ್ತಕ್ಕೆ "ನಾಳೆಗೆ ಒಬ್ಬ ತಹಶೀಲ್ದಾರ್ ಬೇಕು" ಅಂತ ಹುಡುಕುವ ಅಸಿಸ್ಟೆಂಟ್ ಡೈರೆಕ್ಟರ್ ಕೈಗೆ ಆ ಫೈಲ್ ಸುಲಭವಾಗಿ ಸಿಗಬೇಕು.

ಪಾತ್ರಕ್ಕೆ ದುಡ್ಡು ಕೊಡುವ ಅಭ್ಯಾಸ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೋಸ ಹೋಗುವುದರಲ್ಲಿ ನಮ್ಮ ಕಡೆಯವರು ಮುಂದಿದ್ದಾರೆ. ಅದಕ್ಕೆ ಕಾರಣ ನಮ್ಮ ನಾಟಕಗಳಲ್ಲೇ ಇದೆ. ಹಳ್ಳಿಯ ಕುರುಕ್ಷೇತ್ರದಲ್ಲಿ ಪಾರ್ಟು ಮಾಡುವವರೇ ದುಡ್ಡು ಹಾಕುತ್ತಾರೆ. ದುರ್ಯೋಧನನಿಗೆ, ಕೃಷ್ಣನಿಗೆ ಜಾಸ್ತಿ, ವಿದುರನಿಗೆ ಕಡಿಮೆ. ಸೀನರಿ ಬಾಡಿಗೆ, ಮೇಷ್ಟ್ರ ಸಂಬಳ, ಶಾಮಿಯಾನ ಎಲ್ಲ ಅದರಲ್ಲೇ ಆಗಬೇಕು. ಅದು ಹಬ್ಬದ ಖರ್ಚು, ಅದರಲ್ಲಿ ಮೋಸವಿಲ್ಲ. ಆದರೆ ಇದೇ ರೂಢಿ ಇರುವವನಿಗೆ ಯಾರೋ ಫೋನ್ ಮಾಡಿ, "ಹೀರೋಯಿನ್ ಅಪ್ಪನ ಪಾತ್ರ ಫಿಕ್ಸ್ ಆಗಿದೆ, ಆರ್ಟಿಸ್ಟ್ ಕಾರ್ಡ್‌ಗೆ, ಕಾಸ್ಟ್ಯೂಮ್‌ಗೆ ಇಷ್ಟು ಹಾಕಿ" ಅಂದರೆ ಅದು ಸಹಜ ಅನ್ನಿಸಿಬಿಡುತ್ತದೆ. ದುರ್ಯೋಧನನಿಗೇ ಅಷ್ಟು ಕೊಟ್ಟಿದ್ದೀವಿ, ಟಿವಿಗೆ ಇಷ್ಟು ಕೊಡಬಾರದಾ ಅಂತ.

ಕೊಡಬಾರದು. ಟಿವಿ, ಸಿನಿಮಾದಲ್ಲಿ ದುಡ್ಡು ಅವರಿಂದ ನಿಮ್ಮ ಕಡೆಗೆ ಬರಬೇಕು. ರಿಜಿಸ್ಟ್ರೇಷನ್ ಫೀ, ಆಡಿಷನ್ ಫೀ, ಪೋರ್ಟ್‌ಫೋಲಿಯೊ ನಮ್ಮ ಹತ್ತಿರವೇ ಮಾಡಿಸಬೇಕು ಅನ್ನುವ ಷರತ್ತು, "ಡೆಪಾಸಿಟ್ ವಾಪಸ್ ಕೊಡ್ತೀವಿ" ಅನ್ನುವ ಮಾತು, ಇದರಲ್ಲಿ ಯಾವುದು ಕಿವಿಗೆ ಬಿದ್ದರೂ ಫೋನ್ ಇಡಿ. ಚಾನೆಲ್ ಲೋಗೊ ಇರುವ ಲೆಟರ್ ಕಳಿಸಿದರೆ ನಂಬಬೇಡಿ, ಲೋಗೊ ಯಾರು ಬೇಕಾದರೂ ಅಂಟಿಸಬಹುದು. ಸೀರಿಯಲ್ ತಯಾರಿಸುವುದು ಹೆಚ್ಚಾಗಿ ಚಾನೆಲ್ ಅಲ್ಲ, ಪ್ರೊಡಕ್ಷನ್ ಹೌಸ್. ಪ್ರೊಡಕ್ಷನ್ ಹೌಸ್ ಹೆಸರು, ಮ್ಯಾನೇಜರ್ ಹೆಸರು, ಶೂಟಿಂಗ್ ಮನೆ ಎಲ್ಲಿ ಅಂತ ಕೇಳಿ. ಅದೇ ಸೀರಿಯಲ್‌ನಲ್ಲಿ ಕೆಲಸ ಮಾಡುವ ಯಾರಾದರೊಬ್ಬ ನಟನಿಗೆ ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಮೆಸೇಜ್ ಹಾಕಿ ವಿಚಾರಿಸಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಆದಷ್ಟೂ ದುಡ್ಡು ತಡೆಹಿಡಿಯುವುದು ಕಷ್ಟ.

ಹೆಣ್ಣುಮಕ್ಕಳು ಆಡಿಷನ್‌ಗೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಹಗಲು ಹೊತ್ತು, ಆಫೀಸ್ ಅಥವಾ ಸೆಟ್. ಹೋಟೆಲ್ ರೂಮ್ ಅಂದರೆ ಬೇಡ ಅನ್ನಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಕಡಿಮೆ ಜನ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇರುತ್ತದೆ. "ನಿಮ್ಮಲ್ಲಿ ಸಮಿತಿ ಇದೆಯಾ?" ಅಂತ ಸುಮ್ನೆ ಒಮ್ಮೆ ಕೇಳಿ ನೋಡಿ. ಉತ್ತರಕ್ಕಿಂತ ಉತ್ತರ ಕೊಡುವ ರೀತಿಯಲ್ಲೇ ಎಷ್ಟೋ ಗೊತ್ತಾಗುತ್ತದೆ.

ಊರಿಗೇ ಬರುವ ಶೂಟಿಂಗ್

ಸಕಲೇಶಪುರ, ಮೂಡಿಗೆರೆ, ಬೇಲೂರು, ಚಿಕ್ಕಮಗಳೂರಿಗೆ ಸಿನಿಮಾದವರು ಬರುತ್ತಲೇ ಇರುತ್ತಾರೆ. ಟೀ ಅಂಗಡಿಯವನು, ಬಸ್ ಕಂಡಕ್ಟರ್, ತೋಟದ ಆಳು, ಇಂಥ ಒಂದು-ಎರಡು ಮಾತಿನ ಪಾತ್ರಕ್ಕೆ ಬೆಂಗಳೂರಿನಿಂದ ಜನ ಕರೆತಂದು ರೂಮ್ ಕೊಡುವುದಕ್ಕಿಂತ ಊರಿನವರೇ ಸಿಕ್ಕರೆ ಅವರಿಗೂ ಉಳಿತಾಯ. ಹೋಂಸ್ಟೇ ಮಾಲೀಕರು, ಜೀಪು ಬಾಡಿಗೆಗೆ ಕೊಡುವವರು, ಶೂಟಿಂಗ್‌ಗೆ ಅಡುಗೆ ಮಾಡುವವರು, ಇವರಿಗೆ ಸುದ್ದಿ ಮೊದಲು ಗೊತ್ತಾಗುತ್ತದೆ. ಪರಿಚಯ ಇಟ್ಟುಕೊಳ್ಳಿ.

ಗುಂಪಿನಲ್ಲಿ ನಿಲ್ಲುವ ಜೂನಿಯರ್ ಆರ್ಟಿಸ್ಟ್ ಆಗಿ ಒಂದೆರಡು ಸಲ ಹೋಗಬಹುದು, ಸೆಟ್ ಹೇಗಿರುತ್ತದೆ ಅಂತ ನೋಡಲು. ಅದನ್ನೇ ಮುಂದುವರಿಸಬೇಡಿ. ಏಜೆಂಟ್ ಕರೆತರುವ ಜೂನಿಯರ್‌ಗಳ ಲೆಕ್ಕ ಬೇರೆ, ಕ್ಯಾರೆಕ್ಟರ್ ಆರ್ಟಿಸ್ಟ್‌ಗಳ ಲೆಕ್ಕ ಬೇರೆ. ಒಮ್ಮೆ ಗುಂಪಿನವನು ಅಂತ ಮುಖ ಗುರುತಾದರೆ ಮಾತಿರುವ ಪಾತ್ರಕ್ಕೆ ಕರೆಯಲು ಹಿಂದೆಮುಂದೆ ನೋಡುತ್ತಾರೆ.

ಫೋನ್ ಬಂತು, ನಾಳೆ ಶೂಟಿಂಗ್

ಬೆಳಗ್ಗೆ ಒಂಬತ್ತಕ್ಕೆ ಕಾಲ್‌ಟೈಮ್ ಅಂದರೆ ಎಂಟಕ್ಕೆ ಮೇಕಪ್ ಕುರ್ಚಿಯಲ್ಲಿ ಇರಬೇಕು. ಹಾಸನದಿಂದ ರಾತ್ರಿ ಒಂದು, ಎರಡರ ಹೊತ್ತಿನ ಬಸ್ ಹಿಡಿದರೆ ಬೆಳಕು ಹರಿಯುವಾಗ ತಲುಪುತ್ತೀರಿ. ಸುಮ್ನೆ ಮೆಜೆಸ್ಟಿಕ್‌ವರೆಗೆ ಹೋಗಬೇಡಿ. ಕಂಠೀರವ ಸ್ಟುಡಿಯೊ ಕಡೆ ಶೂಟಿಂಗ್ ಇದ್ದರೆ ಗೊರಗುಂಟೆಪಾಳ್ಯದಲ್ಲೇ ಇಳಿಯಿರಿ. ರಾಜರಾಜೇಶ್ವರಿ ನಗರ, ಕೆಂಗೇರಿ, ಉತ್ತರಹಳ್ಳಿ ಕಡೆಯ ಶೂಟಿಂಗ್ ಮನೆಗಳಿಗೂ ಅಲ್ಲಿಂದ ರಿಂಗ್ ರೋಡ್ ಬಸ್ ಸಿಗುತ್ತದೆ. ಅರಸೀಕೆರೆ, ಬೀರೂರು, ಕಡೂರಿನವರಿಗೆ ರೈಲೇ ಒಳ್ಳೆಯದು, ಯಶವಂತಪುರದಲ್ಲಿ ಇಳಿಯಬಹುದು. ಹಾಸನಕ್ಕೂ 2017ರಿಂದ ಶ್ರವಣಬೆಳಗೊಳದ ಮೇಲೆ ನೇರ ರೈಲು ದಾರಿ ಇದೆ.

ಬ್ಯಾಗ್ ಸದಾ ರೆಡಿ ಇರಲಿ. ಪೋಷಕ ಪಾತ್ರದವರು ಎಷ್ಟೋ ಕಡೆ ಬಟ್ಟೆ ತಾವೇ ತರಬೇಕು. ಬಿಳಿ ಪಂಚೆ ಎರಡು, ಶಲ್ಯ, ಗೀಟಿಲ್ಲದ ಕಾಟನ್ ಅಂಗಿಗಳು, ಹಳೇ ಚಪ್ಪಲಿ, ಗಾಜು ತೆಗೆಸಿದ ಕನ್ನಡಕದ ಫ್ರೇಮ್ (ಗಾಜಿದ್ದರೆ ಲೈಟ್ ಹೊಳೆಯುತ್ತದೆ). ಹೆಂಗಸರಿಗೆ ಸೀರೆಗೆ ತಕ್ಕ ಬ್ಲೌಸ್‌ಗಳು, ಗಾಜಿನ ಬಳೆ, ಪಿನ್ನು, ಒಂದು ಗಿಲೀಟಿನ ಸರ. ಇವನ್ನು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಹಾಸನದ ಸಂತೆಯಲ್ಲೋ ಕೊಳ್ಳಿ. ಹಳ್ಳಿ ಪಾತ್ರಕ್ಕೆ ಮಾಲ್ ಸೀರೆ ಉಟ್ಟರೆ ಎದ್ದು ಕಾಣುತ್ತದೆ.

ಸೆಟ್‌ನಲ್ಲಿ

ಒಂದು ಕಾಫಿ ಲೋಟದ ಕಥೆ ಹೇಳುತ್ತೇನೆ. ಸೀನ್ ಇಷ್ಟೇ. ಮಾವ ಕಾಫಿ ಕುಡಿಯುತ್ತಾ, "ಹುಡುಗನ ಕಡೆಯವರು ಫೋನ್ ಮಾಡಿದ್ರು" ಅನ್ನಬೇಕು. ಇದನ್ನು ಮೊದಲು ಎಲ್ಲರೂ ಕಾಣುವಂತೆ ಮಾಸ್ಟರ್ ತೆಗೆಯುತ್ತಾರೆ. ಆಮೇಲೆ ಎದುರಿನವರ ಭುಜದ ಮೇಲಿಂದ ಸಜೆಷನ್, ಆಮೇಲೆ ನಿಮ್ಮ ಮುಖ ಮಾತ್ರ ಕಾಣುವ ಕ್ಲೋಸ್. ಪ್ರತಿ ಸಲವೂ ಲೋಟ ಅದೇ ಕೈಯಲ್ಲಿ, ಅದೇ ಎತ್ತರದಲ್ಲಿ, ಅದೇ ಮಾತಿಗೆ ತುಟಿಗೆ ಹೋಗಬೇಕು. ಮಾಸ್ಟರ್‌ನಲ್ಲಿ "ಫೋನ್" ಅನ್ನುವ ಮೊದಲು ಗುಟುಕರಿಸಿ, ಕ್ಲೋಸ್‌ನಲ್ಲಿ ಆಮೇಲೆ ಗುಟುಕರಿಸಿದರೆ ಎಡಿಟರ್ ನಿಮ್ಮ ಕ್ಲೋಸ್ ಎಸೆದು ಬೇರೆಯವರ ಮುಖ ಹಾಕುತ್ತಾನೆ. ಹಾಗಾಗಿ ಅನುಭವಿಗಳು ಏನು ಮಾಡುತ್ತಾರೆ ಗೊತ್ತಾ? ಲೋಟಕ್ಕೆ ಅರ್ಧ ಮಾತ್ರ ಹಾಕಿಸಿಕೊಳ್ಳುತ್ತಾರೆ. ರಿಹರ್ಸಲ್‌ನಲ್ಲೇ ಯಾವ ಮಾತಿಗೆ ಎತ್ತಬೇಕು, ಯಾವ ಮಾತಿಗೆ ಇಡಬೇಕು ಅಂತ ಗಟ್ಟಿ ಮಾಡಿಕೊಳ್ಳುತ್ತಾರೆ. ನಿಜವಾಗಿ ನುಂಗುವುದಿಲ್ಲ, ತುಟಿಗೆ ತಾಗಿಸುತ್ತಾರೆ ಅಷ್ಟೇ. ಹತ್ತು ಟೇಕ್ ಆದರೆ ಹತ್ತು ಲೋಟ ಆರಿದ ಕಾಫಿ ಹೊಟ್ಟೆಗೆ ಹೋದೀತು. ನಮ್ಮ ಕಡೆ ಕಾಫಿ ಕುಡಿದು ಬೆಳೆದವರಿಗೆ ಸೆಟ್ ಕಾಫಿ ಮೊದಲೇ ಒಂದು ಶಿಕ್ಷೆ, ಅದು ಬೇರೆ ಮಾತು.

ಎದುರಿನ ನಟ ಪ್ರತಿ ಸಲ ಎದುರಿಗಿರುತ್ತಾನೆ ಅಂತ ಇಲ್ಲ. ಅವನ ಕಾಲ್‌ಶೀಟ್ ಮುಗಿದು ಹೋಗಿರಬಹುದು. ಆಗ ಅಸಿಸ್ಟೆಂಟ್ ಒಬ್ಬ ಕ್ಯಾಮೆರಾ ಪಕ್ಕ ಮುಷ್ಟಿ ಎತ್ತಿ "ಇಲ್ಲಿ ಲುಕ್ ಸರ್" ಅನ್ನುತ್ತಾನೆ. ಆ ಮುಷ್ಟಿಯನ್ನೇ ಮಗಳು ಅಂದುಕೊಂಡು ಅಳಬೇಕು. ಮನೆಯಲ್ಲಿ ಗೋಡೆ ಮೇಲಿನ ಮೊಳೆ ನೋಡಿಕೊಂಡು ಮಾತಾಡಿ ಅಭ್ಯಾಸ ಮಾಡಿ.

ಸೀರಿಯಲ್ ಸೆಟ್‌ನಲ್ಲಿ ಸೀನ್ ಪೇಪರ್ ಅರ್ಧ ಗಂಟೆ ಮೊದಲು ಕೈಗೆ ಬರುವುದೂ ಉಂಟು. ಹಾಗಾಗಿ ಪ್ರಾಂಪ್ಟಿಂಗ್ ಕೊಡುತ್ತಾರೆ, ಹಿಂದಿನಿಂದ ಒಬ್ಬರು ಸಾಲು ಓದುತ್ತಾರೆ, ನೀವು ಹೇಳಬೇಕು. ನಾಟಕದವರಿಗೆ ಇದು ಮೊದಲು ಕಿರಿಕಿರಿ. ಎರಡೂ ಕಲಿಯಿರಿ. ಪೇಪರ್ ಸಿಕ್ಕರೆ ಬಾಯಿಪಾಠ ಮಾಡಿ, ಸಿಗದಿದ್ದರೆ ಪ್ರಾಂಪ್ಟ್ ಕೇಳುವಾಗ ಕಣ್ಣು ಅಲ್ಲಾಡದಂತೆ ನೋಡಿಕೊಳ್ಳಿ. ಕಿವಿ ಹಿಂದೆ ಇದ್ದರೂ ಕಣ್ಣು ಎದುರಿನವರ ಮೇಲೇ ಇರಬೇಕು.

ಇನ್ನು ರಿಯಾಕ್ಷನ್. ನಾಯಕಿ ಕಪಾಳಕ್ಕೆ ಹೊಡೆದರೆ ಮನೆಯ ಎಂಟೂ ಜನರ ಮುಖ ಮೂರು ಮೂರು ಸಲ ತೋರಿಸುತ್ತಾರೆ, ಹಿಂದೆ ಢಂ ಢಂ ಅಂತ ಸದ್ದು. ನಗು ಬರುತ್ತದೆ ನಿಜ. ಆದರೆ ಅದರಲ್ಲಿ ಒಂದು ಮುಖ ನಿಮ್ಮದು. ಉಳಿದ ಏಳು ಜನರೂ ಬಾಯಿಗೆ ಕೈ ಇಟ್ಟುಕೊಂಡಾಗ ನೀವೊಬ್ಬರು ಸುಮ್ಮನೆ ನಿಂತು ಮೆಲ್ಲಗೆ ಎಂಜಲು ನುಂಗಿದರೆ ಡೈರೆಕ್ಟರ್ ಮಾನಿಟರ್‌ನಲ್ಲಿ ಗಮನಿಸುತ್ತಾರೆ. ಮುಂದಿನ ವಾರ ಒಂದು ಸಾಲು ಜಾಸ್ತಿ ಬರುವುದು ಹೀಗೇ.

ಒಪ್ಪಿಕೊಂಡ ಲುಕ್ ಬದಲಿಸುವ ಮುನ್ನ ಮ್ಯಾನೇಜರ್‌ಗೆ ಹೇಳಿ. ಧರ್ಮಸ್ಥಳಕ್ಕೋ ತಿರುಪತಿಗೋ ಮುಡಿ ಕೊಡುವ ಹರಕೆ ಇದ್ದರೆ ಸೀರಿಯಲ್ ಮುಗಿಯುವವರೆಗೆ ದೇವರ ಹತ್ತಿರ ವಾಯಿದೆ ಕೇಳಿ. ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದರೆ ಒಂದು ತಿಂಗಳ ಮೊದಲೇ ತಾರೀಖು ಕೊಡಿ. ನಿಮ್ಮ ಒಬ್ಬರ ಡೇಟ್ ತಪ್ಪಿದರೆ ನಿಮ್ಮ ಜೊತೆ ಕಾಂಬಿನೇಷನ್ ಇರುವ ಎಲ್ಲರ ಸೀನ್ ನಿಲ್ಲುತ್ತದೆ. ಚೆನ್ನಾಗಿ ನಟಿಸಿದ್ದು ಮರೆತುಹೋಗಬಹುದು, ಕೈಕೊಟ್ಟದ್ದನ್ನು ಯಾವ ಮ್ಯಾನೇಜರ್ ಕೂಡ ಮರೆಯುವುದಿಲ್ಲ.

ಬೆಂಗಳೂರಿಗೆ ಯಾವಾಗ ಹೋಗಬೇಕು?

ತಿಂಗಳಿಗೆ ಎಷ್ಟು ದಿನ ಕೆಲಸ ಬಂತು, ದಿನಕ್ಕೆ ಎಷ್ಟು ಸಿಕ್ಕಿತು, ಗುಣಿಸಿ. ಅದರಲ್ಲಿ ಬಸ್ ಚಾರ್ಜ್, ಬಟ್ಟೆ, ಇಸ್ತ್ರಿ, ಊಟ ಕಳೆಯಿರಿ. ಉಳಿದದ್ದು ಬೆಂಗಳೂರಿನ ಬಾಡಿಗೆಯನ್ನೂ ಮನೆಗೆ ಕಳಿಸುವುದನ್ನೂ ಸತತ ಆರು ತಿಂಗಳು ದಾಟಿದರೆ ರೂಮ್ ಹುಡುಕಿ. ಅಲ್ಲಿವರೆಗೆ ಹಾಸನವೇ ಮೇಲು.

ದುಡ್ಡು, ಕಾಗದ

ಸೀರಿಯಲ್‌ನಲ್ಲಿ ದಿನದ ಲೆಕ್ಕದಲ್ಲಿ ಮಾತಾಡುತ್ತಾರೆ, ದುಡ್ಡು ಮಾತ್ರ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಅಗ್ರಿಮೆಂಟ್ ಕೊಟ್ಟರೆ ಮೂರು ವಿಷಯ ನೋಡಿ. ಎಷ್ಟು ದಿನದಲ್ಲಿ ಪೇಮೆಂಟ್, ಬೇರೆ ಚಾನೆಲ್‌ನಲ್ಲಿ ಮಾಡಬಾರದು ಅನ್ನುವ ಷರತ್ತು ಇದೆಯಾ, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು. ಬೇರೆ ಕಡೆ ಮಾಡಬಾರದು ಅಂದರೆ ತಿಂಗಳಿಗೆ ಇಂತಿಷ್ಟು ದಿನ ಕೆಲಸದ ಖಾತ್ರಿ ಕೇಳುವುದು ನಿಮ್ಮ ಹಕ್ಕು. ಅಗ್ರಿಮೆಂಟ್ ಇಲ್ಲದಿದ್ದರೆ ಕೊನೇ ಪಕ್ಷ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಒಂದು ನೋಟ್‌ಬುಕ್ ಇಡಿ. ತಾರೀಖು, ಸೀರಿಯಲ್, ಸೀನ್ ನಂಬರ್, ಹೋದ ಹೊತ್ತು, ಪ್ಯಾಕಪ್ ಆದ ಹೊತ್ತು. ಬಾಕಿ ಕೇಳುವಾಗ "ಸುಮಾರು ಹತ್ತು ದಿನ ಇರಬೇಕು ಸರ್" ಅಂದರೆ ಎಂಟು ದಿನದ್ದು ಬರುತ್ತದೆ.

ಪ್ಯಾನ್ ಕಾರ್ಡ್ ಕಡ್ಡಾಯ. ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ 20. ಆ ದುಡ್ಡು ಹೋಯಿತು ಅಂತ ಸುಮ್ಮನಾಗುವವರೇ ಜಾಸ್ತಿ. ನಿಮ್ಮ ವರ್ಷದ ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು. ಹಿಡಿದ ದುಡ್ಡು ನಿಜವಾಗಿ ನಿಮ್ಮ ಪ್ಯಾನ್‌ಗೆ ಕಟ್ಟಿದ್ದಾರಾ ಅಂತ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನೋಡಿ.

ಸಂಘಗಳ ವಿಷಯ. ಚಾಮರಾಜಪೇಟೆಯಲ್ಲಿ ಕರ್ನಾಟಕ ಚಲನಚಿತ್ರ ಕಲಾವಿದರ ಸಂಘ ಇದೆ, ಕಿರುತೆರೆಯವರಿಗೆ ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್ ಇದೆ. ಕೆಲಸ ಶುರುವಾದ ಮೇಲೆ ಹೋಗಿ ವಿಚಾರಿಸಿ. ಸದಸ್ಯತ್ವ ಸಿಕ್ಕರೆ ಅವಕಾಶ ಸಿಗುತ್ತದೆ ಅನ್ನುವುದು ಸುಳ್ಳು. 2024ರಲ್ಲಿ ರಾಜ್ಯ ಸರ್ಕಾರ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಕಾಯ್ದೆ ತಂದಿದೆ. ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಿ ಅದರಿಂದ ನಿಧಿ ಕಟ್ಟುವುದು ಅದರ ಉದ್ದೇಶ. ನೋಂದಣಿಗೆ ಕರೆದಾಗ ಕೆಲಸ ಮಾಡಿದ್ದಕ್ಕೆ ದಾಖಲೆ ಕೇಳಿಯೇ ಕೇಳುತ್ತಾರೆ, ಆ ನೋಟ್‌ಬುಕ್ ಮತ್ತು ಬ್ಯಾಂಕ್ ಪಾಸ್‌ಬುಕ್ ಆಗ ಕೆಲಸಕ್ಕೆ ಬರುತ್ತವೆ.

ಟ್ರ್ಯಾಕ್ ಮುಗಿದಾಗ

ಗುರುವಾರ ಟಿಆರ್‌ಪಿ ಬರುತ್ತದೆ. ಎರಡು ಗುರುವಾರ ಇಳಿದರೆ ಕಥೆ ತಿರುಗುತ್ತದೆ, ಕಥೆ ತಿರುಗಿದರೆ ಮೊದಲು ಉದುರುವುದು ನಾವು. ಸೂಚನೆ ಮೊದಲೇ ಸಿಗುತ್ತದೆ. ಮಾತು ಕಮ್ಮಿ ಆಗುತ್ತದೆ. ಆಮೇಲೆ ಸೋಫಾ ಮೇಲೆ ಕೂತಿರುವುದು ಮಾತ್ರ. ಆಮೇಲೆ ಇನ್ನೊಬ್ಬರ ಬಾಯಲ್ಲಿ "ಮಾವ ಕಾಶಿಗೆ ಹೋಗಿದ್ದಾರೆ" ಅಂತ ಒಂದು ಸಾಲು. ಕಾಶಿಯಿಂದ ಯಾರೂ ವಾಪಸ್ ಬಂದದ್ದು ನಾನು ನೋಡಿಲ್ಲ.

ಬೇಜಾರು ಮಾಡಿಕೊಳ್ಳುವ ಮೊದಲು ಮ್ಯಾನೇಜರ್‌ಗೆ ಫೋನ್ ಮಾಡಿ ಬಾಕಿ ದಿನಗಳ ಲೆಕ್ಕ ಹೊಂದಿಸಿಕೊಳ್ಳಿ. ನಿಮ್ಮ ಒಳ್ಳೆಯ ಸೀನ್‌ಗಳಿಂದ ಎರಡು ನಿಮಿಷದ ತುಣುಕು ಮಾಡಿಸಿ ಇಡಿ, ಮೊದಲಿನ ಮೊಬೈಲ್ ವಿಡಿಯೊ ಜಾಗಕ್ಕೆ ಈಗ ಅದು. ಗಡ್ಡ ಬೆಳೆಯುತ್ತಿದ್ದರೆ ಹೊಸ ಫೋಟೋ ತೆಗೆಸಿ. ಆಮೇಲೆ ಪರಿಚಯ ಇರುವ ಮ್ಯಾನೇಜರ್, ಅಸಿಸ್ಟೆಂಟ್ ಡೈರೆಕ್ಟರ್‌ಗಳಿಗೆ ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಮೆಸೇಜ್ ಹಾಕಿ: "ನಮಸ್ತೆ ಸರ್. ಸೀರಿಯಲ್‌ನಲ್ಲಿ ನನ್ನ ಟ್ರ್ಯಾಕ್ ಮುಗಿದಿದೆ. ಮುಂದಿನ ತಿಂಗಳು ಎಲ್ಲ ಡೇಟ್ಸ್ ಫ್ರೀ. ಈಗಿನ ಲುಕ್ ಕಳಿಸಿದ್ದೇನೆ." ಇಷ್ಟೇ. ತಿಂಗಳಿಗೆ ಒಮ್ಮೆ ಸಾಕು. ದಿನಾ ಬೆಳಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಮಾತ್ರ ಕಳಿಸಬೇಡಿ, ನಿಮ್ಮ ನಂಬರ್ ಮ್ಯೂಟ್ ಆಗಿಬಿಟ್ಟರೆ ಫೋಟೋ ಯಾರು ನೋಡುತ್ತಾರೆ?